ತೊಟ್ಟಿಲ ಸರಪಳಿ

ಗ್ಯಾರೇಜಿನ ಮುಂದೆ ಸೀಮೆಎಣ್ಣೆ ವಾಸನೆ ಬಂದರೆ ಈಗಲೂ ನನಗೆ ನಮ್ಮ ಕಾರಿನ ಎಂಜಿನ್ ಬದಲಿಸಿದ ದಿನ ನೆನಪಾಗುತ್ತದೆ.

ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಎಂಜಿನ್ ಕೂರಿಸಲು ಅಪ್ಪ ಆನಂದಪುರದಿಂದ ಮೆಕ್ಯಾನಿಕ್‌ನನ್ನು ಮನೆಗೇ ಕರೆಸಿದ್ದ. ಹಲಸಿನ ಕೊಂಬೆಗೆ ಹಗ್ಗ ಹಾಕಿ ಎತ್ತಿದರು. ಎಂಜಿನ್ ಒಂದು ಗೇಣು ಮೇಲೇಳುವಷ್ಟರಲ್ಲಿ ಹಗ್ಗ ಹರಿಯಿತು.

“ಹಗ್ಗ ತಡಿಯಲ್ಲ ಅಯ್ಯಾ, ಸರಪಳಿ ಬೇಕು,” ಅಂದ ಮೆಕ್ಯಾನಿಕ್.

ಮನೆಯಲ್ಲಿ ಗಟ್ಟಿಯಾಗಿದ್ದದ್ದು ತೊಟ್ಟಿಲು ಕಟ್ಟುವ ಕಬ್ಬಿಣದ ಸರಪಳಿ ಒಂದೇ. ಹಿಂದಿನ ವರ್ಷ ತಮ್ಮನ ನಾಮಕರಣಕ್ಕೆಂದು ಅದನ್ನು ಅಟ್ಟದಿಂದ ಇಳಿಸಿದ್ದರು. ಆ ದಿನ ಬರುವ ಮೊದಲೇ ಮಗು ತೀರಿಕೊಂಡಿತ್ತು.

“ತೊಟ್ಟಿಲ ಸರಪಳಿ ಬೇರೇದಕ್ಕೆಲ್ಲ ಬಳಸಬಾರ್ದು ಕಣೋ,” ಅಂದಳು ಅಜ್ಜಿ.

ಅಮ್ಮನೇ ಅಟ್ಟ ಹತ್ತಿ ತಂದು ಕೊಟ್ಟಳು. “ಇರ್ಲಿ ಅತ್ತೆ, ಇನ್ಯಾಕೆ ಅದು?”

ಸರಪಳಿ ತಡೆಯಿತು. ಸಂಜೆ ಹೊಸ ಎಂಜಿನ್ ಲಾರಿಯ ಹಾಗೆ ಗುಡುಗಿದಾಗ ಎಲ್ಲರೂ ಅಂಗಳಕ್ಕೆ ಓಡಿದೆವು. ಅಮ್ಮ ಬರಲಿಲ್ಲ.

ಅವಳು ಬಚ್ಚಲಲ್ಲಿ ಕೂತು ಸರಪಳಿಯ ಒಂದೊಂದೇ ಕೊಂಡಿಯನ್ನು ಸೀಮೆಎಣ್ಣೆ ಹಾಕಿ ಉಜ್ಜುತ್ತಿದ್ದಳು. ಮಸಿಯೆಲ್ಲ ಹೋದ ಮೇಲೆ ಸೀಗೆಪುಡಿಯಲ್ಲಿ ತೊಳೆದಳು. ಒರೆಸಿ, ತನ್ನ ಹಳೇ ಹತ್ತಿ ಸೀರೆಯಲ್ಲಿ ಸುತ್ತಿ, ಎರಡೂ ಕೈಯಲ್ಲಿ ಎತ್ತಿಕೊಂಡು ಅಟ್ಟ ಹತ್ತಿದಳು.