ಸುಟ್ಟ ಕಟ್ಟಿಗೆಯ ಘಮ

ಮೆಡಿಟರೇನಿಯನ್ ಕಡಲಿಗೆ ಮುಖಮಾಡಿದ ಆ ದಂಪತಿಯ ಮೂರು ದ್ರಾಕ್ಷಿ ಗುಡ್ಡಗಳಲ್ಲಿ ಎರಡನ್ನು ಕಾಳ್ಗಿಚ್ಚು ನುಂಗಿತ್ತು. ಮನೆಯನ್ನೂ ಬಿಟ್ಟಿರಲಿಲ್ಲ. ಉಳಿದ ಗುಡ್ಡದ ದ್ರಾಕ್ಷಿಗೆಲ್ಲ ಹೊಗೆ ಹಿಡಿದಿತ್ತು. ಅಲ್ಲಿನ ಮೂರು ತಳಿಯ ಹಣ್ಣು ಬೆರೆಸಿ ಮಾಡಿದ ಕೆಂಪು ವೈನೂ ಹೊಗೆಯ ನಾತವೇ ಹೊಡೆಯುತ್ತಿತ್ತು.

"ಚೆಲ್ಲಿಬಿಡೋಣ," ಎಂದ ಗಂಡ.

"ಚೆಲ್ಲೋಕೂ ಮೈಯಲ್ಲಿ ತ್ರಾಣ ಬೇಕಲ್ಲ," ಎಂದಳು ಹೆಂಡತಿ.

ಅಷ್ಟರಲ್ಲಿ ದೂರದ ಪಟ್ಟಣದಿಂದ ವೈನ್ ವ್ಯಾಪಾರಿ ಬಂದ. ಒಂದು ಗುಟುಕನ್ನು ಬಾಯಲ್ಲಿ ಹೊರಳಾಡಿಸಿ ಕಣ್ಣು ಮುಚ್ಚಿದ.

"ಅಬ್ಬಾ, ಎಷ್ಟು ಗಾಢವಾಗಿದೆ! ಕೊನೆಗೆ ಸುಟ್ಟ ಕಟ್ಟಿಗೆಯ ಘಮ ಬೇರೆ. ಇದ್ದಷ್ಟೂ ನನಗೇ ಕೊಡಿ."

ಗಂಡ ಹೆಂಡತಿಯ ಮುಖ ನೋಡಿದ.

"ಮುಂದಿನ ವರ್ಷವೂ ಇದೇ ರುಚಿ ಬರಬೇಕು. ಬರುತ್ತೆ ತಾನೇ?" ಎಂದ ವ್ಯಾಪಾರಿ.

ಹೆಂಡತಿ ವೈನ್ ಉಗ್ರಾಣದ ಬಾಗಿಲಾಚೆ ನೋಡಿದಳು.

"ಬರುತ್ತೆ. ಸುಡೋಕೆ ಇನ್ನೂ ಒಂದು ಗುಡ್ಡ ಉಳಿದಿದೆ."