ಎರಡು ಬಟನ್ ಒತ್ತಿ ನೋಡಿದವರು

ಬಿಡುವಿದ್ದರೆ ಓದಿ... ಬಿಡುವೇ ಸಿಗದವರು ಪಕ್ಕದಲ್ಲಿದ್ದರೆ, ಅವರಿಗೆ ಓದಿ ಹೇಳಿ.

ಹುಬ್ಬಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಒಂದು ಕಾರ್ಖಾನೆ. ಹುಲಿಗೆಮ್ಮ ಅಲ್ಲಿ ತಗಡು ಒತ್ತುವ ಪ್ರೆಸ್ ಮಷೀನಿನ ಮುಂದೆ ದುಡಿಯುತ್ತಿದ್ದಳು.

ಒಂದು ದಿನ ಆ ಮಷೀನು ಅವಳ ಎಡಗೈಯ ಮೂರು ಬೆರಳುಗಳನ್ನು ಒಂದೇ ಏಟಿಗೆ ತಿಂದುಹಾಕಿತು.

ಉಳಿದದ್ದು ಹೆಬ್ಬೆರಳು, ಕಿರುಬೆರಳು... ನಡುವೆ ಮೂರು ಮೊಂಡು ತುದಿಗಳು.

"ನಿನ್ನದೇ ಅಜಾಗರೂಕತೆ" ಎಂದರು ಮ್ಯಾನೇಜರು. ಓಣಿಯವರೂ ಹಾಗೇ ಅಂದರು. ಅನ್ನಿಸಿಕೊಂಡು ಅನ್ನಿಸಿಕೊಂಡು ಕೊನೆಗೆ ಅವಳೂ ನಂಬಿದಳು.

ಕೈಯನ್ನು ವೇಲಿನೊಳಗೆ ಬಚ್ಚಿಟ್ಟುಕೊಂಡು ಓಡಾಡುವುದು ರೂಢಿಯಾಯಿತು. ಮೈಗೆ ಸುಸ್ತು... ನಿದ್ದೆ ಮಾಡಿ ಎದ್ದರೂ ಹೋಗದ ಸುಸ್ತು.

ಮೊದಲೆಲ್ಲ ರಜೆಯ ದಿನ ಅವಳಿಗೊಂದು ಖುಷಿಯಿತ್ತು. ಮೌಲಾಲಿ ಕಾಕಾನ ವಿಡಿಯೋ ಗೇಮ್ ಅಂಗಡಿ. ಪರದೆಯ ಮೇಲೆ ಇಬ್ಬರು ಗುದ್ದಾಡುವ ಫೈಟಿಂಗ್ ಗೇಮ್. ಎಡಗೈಯಲ್ಲಿ ಜಾಯ್‌ಸ್ಟಿಕ್ಕಿನ ಹಿಡಿಕೆ ತಿರುಗಿಸಿ ಪೈಲ್ವಾನನನ್ನು ನಡೆಸಬೇಕು, ಬಲಗೈಯಲ್ಲಿ ಬಟನ್ ಒತ್ತಬೇಕು.

ವಾರವಿಡೀ ಬೈಸಿಕೊಂಡವಳು ಅಲ್ಲಿ ಮಾತ್ರ ತಿರುಗಿ ಹೊಡೆಯುತ್ತಿದ್ದಳು!

ಬೆರಳು ಹೋದ ಮೇಲೆ ಅದೂ ನಿಂತಿತ್ತು. ಕೊನೆಗೆ ಕಾರ್ಖಾನೆಯ ಗೆಳತಿ ಫಕೀರವ್ವ ಅವಳನ್ನು ಎಳೆದುಕೊಂಡೇ ಅಂಗಡಿಗೆ ಬಂದಳು.

"ಹಿಡಿಕಿ ಹಿಡಿಯಾಕ ಬರೂದಿಲ್ಲ ಕಾಕಾ..." ಎಂದಳು ಹುಲಿಗೆಮ್ಮ.

"ಹಿಡಿಕಿ ಯಾರಿಗೆ ಬೇಕಬೇ? ಹಿಡಿಕಿನ ಇಲ್ಲದ್ದು ಮಾಡಿಕೊಡ್ತೇನಿ. ಎಡಕ್ಕ, ಬಲಕ್ಕ, ಕೆಳಗ, ಮ್ಯಾಲೆ... ಎಲ್ಲಾ ಬಟನ್ನ. ತಗೀ ಕೈ."

ಕಾಕಾ ಮೇಜಿನ ಮೇಲೆ ರಟ್ಟು ಹಾಸಿದ. ಅವಳು ಬಲಗೈ ಇಟ್ಟಳು.

"ಅದಲ್ಲ. ಬಚ್ಚಿಟ್ಟೀಯಲ್ಲ, ಅದು."

ಆ ಕೈಯ ಸುತ್ತ ಪೆನ್ಸಿಲ್ ಎಳೆದ. ಅಯ್ಯೋ ಪಾಪ ಅನ್ನಲಿಲ್ಲ, ಹೆಂಗಾತು ಅಂತ ಕೇಳಲಿಲ್ಲ.

ಬಟನ್ ಕೂರಿಸಿದ ಪ್ಲೈವುಡ್ಡಿನ ಡಬ್ಬಿಯೇನೋ ತಯಾರಾಯಿತು. ಆದರೆ ಬಟನ್ ದೂರವಾದವು. ಬೆರಳಿದ್ದವರ ಡಬ್ಬಿಗಳನ್ನೇ ಮಾಡಿದ ಕಾಕಾನ ಕೈ, ಎದುರಿಗೇ ರಟ್ಟಿದ್ದರೂ ಹಳೆಯ ಅಳತೆಗೇ ತೂತು ಕೊರೆದಿತ್ತು. ಹುಲಿಗೆಮ್ಮ ಕೈ ಚಾಚಿ ಚಾಚಿ ಬೆವತಳು.

"ಇರ್ಲಿ ಬಿಡು ಕಾಕಾ, ಹೊಂದಿಸಿಗೊಂತೇನಿ."

"ನೀ ಯಾಕ ಹೊಂದಿಸಿಗೋಬೇಕು? ಬೆರಳು ಎಲ್ಲಿ ಮುಗೀತೈತಿ, ಬಟನ್ ಅಲ್ಲೇ ಚಾಲೂ ಆಗಬೇಕು. ತಪ್ಪು ನಂದೈತಿ. ತಾ ಇಲ್ಲಿ."

'ತಪ್ಪು ನಂದೈತಿ'... ಇಷ್ಟು ದಿನದಲ್ಲಿ ಅವಳ ಎದುರು ಯಾರೂ ಆಡದ ಮಾತು.

ಹೊಸ ಹಲಗೆಗೆ ಮತ್ತೆ ತೂತು ಕೊರೆದ. ಮೂರು ಮೊಂಡು ತುದಿಗಳ ಕೆಳಗೆ ಮೂರು ಬಟನ್ ಬಂದು ಕೂತವು. ಅವಳು ಆಡಿದಳು. ಸೋತಳು, ಕಲಿತಳು, ಮತ್ತೆ ಹೊಡೆದಳು.

ಒಂದು ಭಾನುವಾರ ಕಾಲೇಜೊಂದರ ಹಾಲ್‌ನಲ್ಲಿ ಸ್ಪರ್ಧೆ. ಹುಲಿಗೆಮ್ಮ ತೊಡೆಯ ಮೇಲೆ ಡಬ್ಬಿ ಇಟ್ಟುಕೊಂಡು ಕೂತಳು. ಎದುರಾಳಿ ಹುಡುಗ ಕಣ್ಣರಳಿಸಿದ.

"ಸರ, ಇದೆಂಥಾ ಡಬ್ಬಿರೀ? ಮನ್ಯಾಗ ಮಾಡಿದ್ದು... ಒಳಗ ಏನ್ ಚೀಟಿಂಗ್ ತುಂಬ್ಯಾರೋ!"

ಅವಳ ಎಡಗೈ ಮತ್ತೆ ವೇಲಿನೊಳಗೆ ಸರಿಯಿತು. ಇಲ್ಲೂ ತನ್ನದೇ ತಪ್ಪಾ? ಎದ್ದು ಹೋಗಿಬಿಡೋಣ ಅನ್ನಿಸಿತು.

ರೆಫರಿ ಬಂದ. "ಕುಂದರ್ರಿ ಅಕ್ಕಾರ. ಎಲ್ಲಾರದೂ ಚೆಕ್ ಮಾಡ್ತೇವಿ, ಈ ಹುಡುಗಂದೂ."

ಅವಳ ಡಬ್ಬಿಯ ಎಡಕ್ಕೆ, ಬಲಕ್ಕೆ ಎರಡೂ ಬಟನ್ ಒಟ್ಟಿಗೇ ಒತ್ತಿದ. ಪರದೆಯ ಮೇಲಿನ ಪೈಲ್ವಾನ ಅಲ್ಲಾಡದೆ ನಿಂತ.

"ಎರಡೂ ಕೂಡೇ ಒತ್ತಿದ್ರ ಹಿಂಗ ನಿಂತಬಿಡಬೇಕು. ಅದ ರೂಲ್. ಹಿಡಿಕಿಯೊಳಗ ಎಡಕ್ಕೂ ಬಲಕ್ಕೂ ಒಮ್ಮೆಗೇ ಹೋಗಾಕ ಬರೂದಿಲ್ಲ, ಬಟನ್ನಾಗ ಬರ್ತೈತಿ, ಹಂಗಾದ್ರ ಮೋಸ ಆಗತೈತಿ. ಅದಕ್ಕ ಒತ್ತಿ ನೋಡದ ನಾವು ಯಾರಿಗೂ ಆಟ ಚಾಲೂ ಮಾಡಾಕ ಬಿಡೂದಿಲ್ರಿ."

ಒಂದೊಂದೇ ಬಟನ್ ಒತ್ತಿ ನೋಡಿದ. "ಓಕೆ ಐತ್ರಿ ಅಕ್ಕಾರ."

ಹುಲಿಗೆಮ್ಮ ಬಿಕ್ಕಿ ಬಿಕ್ಕಿ ಅಳತೊಡಗಿದಳು...

ಎದುರಾಳಿ ಹುಡುಗ ಗಾಬರಿಯಾದ. "ಸಾರಿ ಅಕ್ಕಾರ... ನಾ ಸುಮ್ನ ಅಂದೆ."

"ನಿನ್ನ ಮ್ಯಾಲೆ ಸಿಟ್ಟಿಲ್ಲೋ ತಮ್ಮಾ..."

ಅವಳು ಎಡಗೈಯನ್ನು ಎಲ್ಲರೆದುರು ಮೇಲೆತ್ತಿದಳು.

"ನಮ್ಮ ಪ್ರೆಸ್ಸಿಗೂ ಎರಡು ಬಟನ್ ಅದಾವು. ಎರಡೂ ಕೈಲೆ ಎರಡೂ ಒತ್ತಿದ್ರ ಮಾತ್ರ ಮಷೀನ್ ಕೆಳಗ ಇಳೀಬೇಕು. ಆವಾಗ ಕೈ ಒಳಗ ಸಿಗೂದಿಲ್ಲ ನೋಡ್ರಿ... ಮಾಲು ಲಗೂ ಬರ್ಲಿ ಅಂತ ಒಂದು ಬಟನ್ ಒತ್ತಿಹಿಡಿದು ಟೇಪ್ ಸುತ್ತಿಬಿಟ್ಟಿದ್ರು. ಒಂದು ಕೈಲೆ ಒತ್ತು, ಇನ್ನೊಂದು ಕೈಲೆ ತಗಡು ಇಡು ಅಂದ್ರು. ಇಟ್ಟೆ..."

ಅವಳು ರೆಫರಿಯ ಕಡೆ ತಿರುಗಿದಳು. "ಒಂದು ಆಟಕ್ಕ ಇಷ್ಟು ಒತ್ತಿ ನೋಡ್ತೀರಲ್ರಿ... ನನ್ನ ಕೈ ಇಡೂ ಜಾಗಾದಾಗ ಒಬ್ಬರರ ಬಂದು ನೋಡಿದ್ರೇನು? ಮತ್ತ ತಪ್ಪು ನಂದಂತ!"



ಅವಳು ಕಣ್ಣೊರೆಸಿಕೊಂಡು ಆಡಿದಳು. ಮತ್ತು ಸೋತಳು. ಸುಸ್ತಾದವರು ಒಂದೇ ಅಳುವಿಗೆ ಗೆದ್ದುಬಿಡುವುದಿಲ್ಲ. ಆದರೆ ಮನೆಗೆ ಹೋಗುವಾಗ ಆ ಕೈ ವೇಲಿನ ಹೊರಗಿತ್ತು.

ಬಸ್ಸಿನಲ್ಲಿ ಫಕೀರವ್ವ ತನ್ನ ಹತ್ತೂ ಬೆರಳು ನೋಡಿಕೊಳ್ಳುತ್ತಿದ್ದಳು.

"ಹುಲಿ... ಆ ಮಷೀನಿಗೆ ಈಗ ನಾ ಕುಂದರ್ತೇನಿ. ಟೇಪ್ ಇನ್ನೂ ಹಂಗ ಐತಿ."

ಮರುದಿನ ಬೆಳಗಿನ ಪಾಳಿಯಲ್ಲಿ ಫಕೀರವ್ವ ಆ ಟೇಪ್ ಕಿತ್ತಳು. ಪಕ್ಕದವಳು ತನ್ನ ಮಷೀನಿನದು ಕಿತ್ತಳು. ಆಮೇಲೆ ಸಾಲಿಗೆ ಸಾಲೇ ಎದ್ದು ನಿಂತಿತು.

ಮ್ಯಾನೇಜರು ಓಡಿ ಬಂದರು. "ಏನಿದು ತಮಾಷೆ? ಒಂದ್ ಕೈಯಲ್ಲಿ ಆಗೋ ಕೆಲಸಕ್ಕೆ ಎರಡ್ ಕೈ ಯಾಕ್ರಮ್ಮಾ? ಏನೂ ಆಗಲ್ಲ, ಕೂತ್ಕೊಳ್ಳಿ!"

ಫಕೀರವ್ವ ತನ್ನ ಸ್ಟೂಲನ್ನು ಅವರ ಕಡೆ ಸರಿಸಿದಳು.

"ಏನೂ ಆಗೂದಿಲ್ಲಂದ್ರ ಬರ್ರಿ ಸರ. ಟೇಪ್ ಸುತ್ತಿ ಕೊಡ್ತೇನಿ. ಮೊದಲ ನೀವ ಕೈ ಇಟ್ಟು ತೋರಿಸ್ರಿ. ಆಮ್ಯಾಲೆ ನಾವು ಕುಂದರ್ತೇವಿ."

ಮ್ಯಾನೇಜರು ಮಷೀನನ್ನು ನೋಡಿದರು... ಮೆಲ್ಲಗೆ ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡರು.

ಬೆರಳು ಕಳೆದುಕೊಂಡವರ ತಪ್ಪು ಹುಡುಕುವ ಮೊದಲು, ಟೇಪ್ ಸುತ್ತಿದ ಕೈ ಯಾರದೆಂದು ಕೇಳಿ.

ನೀವು ದುಡಿಯುವ ಜಾಗದಲ್ಲಿ ಯಾವ ಬಟನ್ ಟೇಪಿನ ಅಡಿಯಲ್ಲಿದೆ...? ಎಂದಾದರೂ ಒತ್ತಿ ನೋಡಿದ್ದೀರಾ?