ತಾಗಿದ್ದು ಟೋಪಿಗೆ
ಅಟ್ಟಿಸಿಕೊಂಡು ಬಂದ ಲಂಬು ಕೈ ಚಾಚಿ ಗುಬ್ಬಿಯ ಟೋಪಿಗೆ ಫಟ್ಟನೆ ಬಡಿದು, "ಔಟ್" ಅಂದ. ಮುಟ್ಟಾಟ ಆಡುತ್ತಿದ್ದ ಇಡೀ ನಾಲ್ಕನೇ ಕ್ಲಾಸು ನಿಂತಲ್ಲೇ ನಿಂತಿತು. ವರಾಂಡದಲ್ಲಿದ್ದ ಟೀಚರ್ ಕೈ ಕೊರಳಿನ ಸೀಟಿಗೆ ಹೋಯಿತು.

ಗುಬ್ಬಿ ರಕ್ತದ ಕ್ಯಾನ್ಸರಿನಿಂದ ಗುಣವಾಗಿ ಮತ್ತೆ ಶಾಲೆಗೆ ಬಂದು ಒಂದು ವಾರವಾಗಿತ್ತು. ಓಡಾಡಲಿ, ಏನೂ ಆಗಲ್ಲ ಅಂತ ಡಾಕ್ಟರೇ ಹೇಳಿದ್ದರು. ಆದರೂ ಟೀಚರಿಗೆ ಜೀವ ತಡೆಯದೆ, "ಅವಳನ್ನ ಯಾರೂ ಮುಟ್ಟಬಾರದು" ಅಂತ ಮಕ್ಕಳಿಗೆ ತಾಕೀತು ಮಾಡಿದ್ದರು. ಅಂದಿನಿಂದ ಗುಬ್ಬಿ ಆಟಕ್ಕುಂಟು, ಲೆಕ್ಕಕ್ಕಿಲ್ಲ. ಬೇಕಂತಲೇ ಅಡ್ಡ ಹೋಗಿ ನಿಂತರೂ, ಕಂಬವನ್ನು ಸುತ್ತಿಕೊಂಡು ಹೋಗುವ ಹಾಗೆ ಅವಳನ್ನು ಸುತ್ತಿಕೊಂಡು ಓಡುತ್ತಿದ್ದರು.

"ಔಟಂತೆ ಔಟು. ನೀನು ಮುಟ್ಟಿದ್ದು ನನ್ನಲ್ಲ, ಟೋಪೀನ," ಅಂದಳು ಗುಬ್ಬಿ, ಸೊಂಟಕ್ಕೆ ಕೈ ಕೊಟ್ಟು.

"ಟೋಪಿ ಯಾರದು, ನಿಮ್ಮಜ್ಜಂದಾ?" ಅಂದ ಲಂಬು.

"ಟೋಪಿ ಲೆಕ್ಕಕ್ಕಿಲ್ಲ ಕಣೋ."

ಟೀಚರ್ ಸೀಟಿಯನ್ನು ಬಾಯಿಗಿಟ್ಟರು. ಅಷ್ಟರಲ್ಲಿ ಗುಬ್ಬಿ ವರಾಂಡಕ್ಕೆ ಓಡಿ ಬಂದು, ಶಾಲೆಯಲ್ಲಿ ಒಮ್ಮೆಯೂ ತೆಗೆಯದಿದ್ದ ಟೋಪಿಯನ್ನು ಕಿತ್ತು ಅವರ ಕೈಗೆ ತುರುಕಿದಳು. ಈಗಷ್ಟೇ ಚಿಗುರುತ್ತಿದ್ದ ಕೂದಲು ಬೆವರಿಗೆ ಮಿನುಗುತ್ತಿತ್ತು.

"ಸ್ವಲ್ಪ ಹಿಡ್ಕೊಂಡಿರಿ ಮಿಸ್. ಇದರಿಂದಾನೇ ಜಗಳ," ಅಂದವಳು ಲಂಬುವಿನ ಕಡೆ ತಿರುಗಿ, "ಈಗ ಮುಟ್ಟು ನೋಡೋಣ" ಅಂತ ಓಟ ಕಿತ್ತಳು.

ಲಂಬು ಟೀಚರ್ ಮುಖ ನೋಡುತ್ತ ನಿಂತ. ಅವರು ಸೀಟಿಯನ್ನು ಬಾಯಿಂದ ತೆಗೆದರು.

"ನನ್ನ ಮುಖ ಏನು ನೋಡ್ತೀಯೋ?" ಅಂದರು. "ಹಿಡಿ ಅವಳನ್ನ."